ಎಡಭುಜದ ತಪ್ಪು

ಎಡಭುಜ ಇವತ್ತೂ ಎದ್ದೇ ಇತ್ತು. ಬೀರುವಿನ ಕನ್ನಡಿಯ ಮುಂದೆ ನಿಂತು ದರ್ಜಿ ಮಾಸ್ತರು ಕೋಟಿನ ಗುಂಡಿ ಹಾಕಿದರು, ಬಿಚ್ಚಿದರು, ಉಸಿರು ಬಿಗಿಹಿಡಿದು ಮತ್ತೆ ಹಾಕಿದರು. ಒಂದು ಹೆಜ್ಜೆ ಹಿಂದೆ ಸರಿದು, ಟ್ರಯಲ್‌ಗೆ ಬಂದ ಗಿರಾಕಿಯನ್ನು ನೋಡುವ ಹಾಗೆ ಒಂದು ಕಣ್ಣು ಕಿರಿದು ಮಾಡಿ ತಮ್ಮನ್ನೇ ನೋಡಿಕೊಂಡರು. ಬಲಭುಜ ಹೇಳಿದ ಮಾತು ಕೇಳುವ ಮಗುವಿನಂತೆ ನೆಟ್ಟಗೆ ಇಳಿದಿತ್ತು. ಎಡದ್ದು ಮಾತ್ರ ಕಾಲರಿನ ಪಕ್ಕದಿಂದ ಹೊರಟು, ತೋಳು ಕೂರುವ ಜಾಗಕ್ಕೆ ಬರುವಷ್ಟರಲ್ಲಿ ಉಬ್ಬಿ, ಬಟ್ಟೆಯನ್ನು ಸುಕ್ಕು ಮಾಡಿ, ಇಳಿಯಲು ಒಪ್ಪದೆ ನಿಂತುಬಿಟ್ಟಿತ್ತು. ಈ ಭುಜವನ್ನು ಬಿಚ್ಚಿ ಹೊಲಿದದ್ದು ಒಂದು ಸಲವಲ್ಲ. ಮೊದಲು ಭುಜದೊಳಗಿನ ದಪ್ಪ ಪ್ಯಾಡು ತೆಗೆದು ತೆಳ್ಳಗಿನದು ಇಟ್ಟದ್ದಾಯಿತು. ಆಮೇಲೆ ತೆಳ್ಳಗಿನದನ್ನೂ ಕಿತ್ತದ್ದಾಯಿತು. ಈಗ ಎಡಗಡೆ ಪ್ಯಾಡೇ ಇರಲಿಲ್ಲ, ಬಲಗಡೆ ಇತ್ತು, ಆದರೂ ಎಡಗಡೆಯೇ ಎತ್ತರ. ಪ್ಯಾಡಿಲ್ಲದ ಭುಜ ಪ್ಯಾಡಿರುವ ಭುಜಕ್ಕಿಂತ ಎತ್ತರವಾಗುವುದು ಹೇಗೆ ಎಂದು ಬೀದಿಯಲ್ಲಿ ಹೋಗುವ ಯಾರನ್ನು ಕೇಳಿದ್ದರೂ ಥಟ್ಟನೆ ಹೇಳಿಬಿಡುತ್ತಿದ್ದರು. ಮಾಸ್ತರು ಮಾತ್ರ, 'ತೋಳು ಕೂರಿಸುವಾಗ ಬಟ್ಟೆ ಎಳೆದಿದ್ದಾನೆ, ಕತ್ತೆ' ಎಂದು ಅಂಗಡಿಯಲ್ಲಿ ತಮ್ಮ ಕೈಕೆಳಗೆ ಹೊಲಿಯುವ ಭಾವಮೈದುನನನ್ನು ಬೈದುಕೊಂಡರು.

ಅವರ ಲೆಕ್ಕಾಚಾರದಲ್ಲಿ ಎಲ್ಲೂ ಸಂದು ಇರಲಿಲ್ಲ. ದರ್ಜಿಯಾದವನು ತನ್ನ ಅಳತೆಯನ್ನು ತಾನೇ ತೆಗೆದುಕೊಳ್ಳಲಾರ. ಟೇಪು ಹಿಡಿದು ಬಗ್ಗಿದರೆ ಅಳತೆಯೂ ಬಗ್ಗುತ್ತದೆ. ಅದಕ್ಕೇ ಅವರಿಗೆ ಕೆಲಸ ಕಲಿಸಿದ ಗುರುಗಳು, ಇವರ ಮದುವೆಯ ಕೋಟಿಗೆಂದು ಅಳತೆ ತೆಗೆದು ಒಂದು ರಟ್ಟಿನ ಪ್ಯಾಟರ್ನ್ ಕತ್ತರಿಸಿ ಕೊಟ್ಟಿದ್ದರು. ಅದು ಇವತ್ತಿಗೂ ಅಂಗಡಿಯ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. ಅಲ್ಲಿಂದೀಚೆಗೆ ಮಾಸ್ತರು ಹಾಕಿಕೊಂಡ ಕೋಟುಗಳೆಲ್ಲ ಅದೇ ರಟ್ಟಿನ ಮಕ್ಕಳು. ಹೊಟ್ಟೆ ಬಂದಾಗ ಪಕ್ಕದಲ್ಲಿ ಒಂದಿಷ್ಟು ಬಿಟ್ಟುಕೊಂಡರು, ಅದು ಬೇರೆ ಮಾತು. "ಹೊಟ್ಟೆ ಬರತ್ತೆ, ಹೋಗತ್ತೆ. ಭುಜ ಹಾಗಲ್ಲ ಕಣೋ. ಒಂದ್ಸಲ ಅಳೆದ್ರೆ ಸಾಯೋವರ್ಗೂ ಅದೇ," ಎಂದು ಅವರು ಭಾವಮೈದುನನಿಗೆ ಎಷ್ಟು ಸಲ ಹೇಳಿದ್ದರೋ. ಹಾಗಾಗಿ ರಟ್ಟು ಸರಿ, ರಟ್ಟನ್ನಿಟ್ಟು ಬಟ್ಟೆ ಕತ್ತರಿಸಿದವರು ತಾವು, ಅದು ಸರಿಯೋ ತಪ್ಪೋ ಎಂದು ಕೇಳುವಂತೆಯೇ ಇಲ್ಲ, ಉಳಿದದ್ದು ಹೊಲಿದವನು. ತಪ್ಪು ಹೋಗಿ ಕೂರಲು ಬೇರೆ ಕುರ್ಚಿಯೇ ಇರಲಿಲ್ಲ.

ಹೋದ ವಾರ ಅದೇ ಕುರ್ಚಿಯ ಮೇಲೆ ತಪ್ಪನ್ನು ಎತ್ತಿ ಕೂರಿಸಿದ್ದೂ ಆಗಿತ್ತು, ಅದೂ ಗಿರಾಕಿಯ ಎದುರಿಗೆ. ವಕೀಲರೊಬ್ಬರು ಕಚ್ಚಾ ಹೊಲಿಗೆಯ ಕೋಟಿನಲ್ಲಿ, ಒಂದೇ ತೋಳು ಹಾಕಿಕೊಂಡು, ಮೈತುಂಬ ಚಾಕಿನ ಗೆರೆ ಎಳೆಸಿಕೊಂಡು ನಿಂತಿದ್ದರು. ಭಾವಮೈದುನ ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡು ಅವರ ಇನ್ನೊಂದು ತೋಳಿಗೆ ಪಿನ್ನು ಹಾಕುತ್ತಿದ್ದ. ಸೂಜಿ ಕಚ್ಚಿ ಕಚ್ಚಿ ಅವನಿಗೆ ಮಾತೇ ಕಮ್ಮಿಯಾಗಿತ್ತು. ದಿನವಿಡೀ ಹ್ಞೂಂ, ಊಹ್ಞೂಂನಲ್ಲೇ ಮುಗಿಸುತ್ತಿದ್ದ. ಅಂಥವನು ಅವತ್ತು ಸೂಜಿಗಳ ಸಂದಿನಿಂದಲೇ, ಮಾಸ್ತರ ಭುಜವನ್ನು ಓರೆಗಣ್ಣಲ್ಲಿ ನೋಡುತ್ತ, "ಭಾವ, ಒಂದ್ಸಲ ನಿಮ್ಮ ಅಳತೆ ತಗೊಳ್ಲಾ?" ಎಂದ. ಕೇಳಿದ್ದು ಮೆತ್ತಗೇ. ಆದರೆ ಮಾಸ್ತರಿಗೆ ಬೆನ್ನಿನಲ್ಲಿ ಏನೋ ತಣ್ಣಗೆ ಹರಿದಂತಾಗಿ, ಆ ತಣ್ಣಗಿನದು ಬಾಯಿಗೆ ಬರುವ ಹೊತ್ತಿಗೆ ಬೆಂಕಿಯಾಗಿತ್ತು. "ನನ್ನ ಅಳತೆ ತಗೊಳೋಕೆ ನೀನ್ಯಾರೋ? ಗುಂಡಿ ಹಚ್ಚೋಕೆ ಬಂದೋನು! ಇಷ್ಟು ವರ್ಷ ಆದ್ರೂ ಒಂದು ತೋಳು ನೆಟ್ಟಗೆ ಕೂರ್ಸೋಕೆ ಬರಲ್ಲ, ನನ್ನ ಮೂಳೆ ಅಳೀತಾನಂತೆ!" ಅವನು ಬಾಯಿಂದ ಒಂದೊಂದೇ ಸೂಜಿ ತೆಗೆದು ಸೂಜಿಯ ಮೆತ್ತೆಗೆ ಚುಚ್ಚಿದ, ಊಟದ ಡಬ್ಬಿ ತೆಗೆದುಕೊಂಡ, ಹೊರಟುಹೋದ. ಆಮೇಲೆ ವಕೀಲರು ಕೆಮ್ಮಿ, "ನಂದು ಯಾವಾಗ ಆಗತ್ತೆ?" ಎಂದು ಕೇಳಿದರು.

ಅಂದಿನಿಂದ ಮನೆಯಲ್ಲಿ ಹೆಂಡತಿ ಮಾತಾಡುವ ಕೆಲಸವನ್ನು ಪಾತ್ರೆಗಳಿಗೆ ವಹಿಸಿದ್ದಳು. ಲೋಟ ಕುಕ್ಕಿದರೆ ಕಾಫಿ ಬಂತೆಂದು ಅರ್ಥ, ತಟ್ಟೆ ಜಾರಿಸಿದರೆ ಊಟ. ಇವತ್ತು ಮಾಸ್ತರು ಕೋಟು ಹಾಕಿ ಹೊರಟದ್ದು ನೋಡಿ ಅವಳೇ ಅಡುಗೆಮನೆಯಿಂದ ಹೊರಗೆ ಬಂದಳು.

"ಎಲ್ಲಿಗೆ?"

"ಕೋಟಿನ ಒಳಕ್ಕೆ ಲೈನಿಂಗ್ ಬಟ್ಟೆ ತರೋಕೆ."

"ಲೈನಿಂಗ್ ತರೋಕೆ ಇಷ್ಟೊಂದು ಅಲಂಕಾರ! ಬರ್ತಾ ನನ್ನ ತಮ್ಮನ ಮನೆ ಕಡೆ ಹೋಗಿ ಒಂದು ಮಾತು ಹೇಳಿ ಬನ್ನಿ."

"ಏನಂತ ಹೇಳ್ಬೇಕು?"

"ತಪ್ಪಾಯ್ತು ಅಂತ. ಮೂರು ಅಕ್ಷರ. ನಾಲಿಗೆ ಸವೆದುಹೋಗಲ್ಲ."

ಅದು ನಾಲ್ಕು ಅಕ್ಷರವೋ ಮೂರೋ ಎಂದು ವಾದಿಸಲು ಮಾಸ್ತರಿಗೆ ಒಳ್ಳೆಯ ಆಸೆಯಾಯಿತು. ಬದಲಿಗೆ, "ಮೊದ್ಲು ಈ ಭುಜ ನೋಡು, ಆಮೇಲೆ ಮಾತಾಡು," ಎಂದರು. "ಭುಜ, ಭುಜ, ಭುಜ! ನೋಡಿ ನೋಡಿ ನನ್ನ ಕಣ್ಣು ಸವೆದಿದೆ," ಎನ್ನುತ್ತ ಅವಳು ಒಳಗೆ ಹೋದಳು. ಹೋದವಳ ಬೆನ್ನು ನೋಡುತ್ತ ನಿಂತವರಿಗೆ, ಈಗ ಕರೆದು ಹೇಳಿಬಿಡಲೇ ಅನಿಸಿತು: ನಾನು ಹೋಗ್ತಿರೋದು ಆಸ್ಪತ್ರೆಗೆ ಕಣೇ, ನೀನೂ ಬಾ. ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದರು.

ಆಸ್ಪತ್ರೆಯ ಗಂಟು ಬಿದ್ದದ್ದೂ ಈ ಭುಜದಿಂದಲೇ. ಎಡಮಗ್ಗುಲಲ್ಲಿ ಮಲಗಲಾಗದಷ್ಟು ನೋವು ಶುರುವಾದಾಗ ಮಾಸ್ತರು ಅದಕ್ಕೊಂದು ಕಾರಣ ಕಂಡುಹಿಡಿದಿದ್ದರು: ಸರಿಯಿಲ್ಲದ ಹೊಲಿಗೆ ದಿನವಿಡೀ ಒತ್ತಿ ಒತ್ತಿ, ಕೊರಳ ಮೂಳೆಯ ತುದಿಯಲ್ಲಿ ಊತ ಬಂದಿದೆ. ಅಂದರೆ ಕೋಟು ಕೆಟ್ಟದ್ದರಿಂದ ಭುಜ ಕೆಟ್ಟಿತು. ಚಪ್ಪಲಿ ಕಚ್ಚಿದರೆ ಕಾಲು ಊದಿಕೊಳ್ಳುವುದಿಲ್ಲವೇ? ಬೀದಿಕೊನೆಯ ಡಾಕ್ಟರಿಗೆ ಇದನ್ನು ವಿವರವಾಗಿ ಹೇಳಿ, ಮುಲಾಮು ಕೊಡಿ ಎಂದಿದ್ದರು. ಆ ಮುದುಕ ಡಾಕ್ಟರು ಬೆರಳಿಟ್ಟು ಒತ್ತಿದರು, ಇನ್ನೊಂದು ಸಲ ಒತ್ತಿದರು, ಅಂಗಿಯ ಕಾಲರ್ ಸರಿಸಿ ಎದೆಯ ಮೇಲಿದ್ದ ಹಚ್ಚೆಯಂಥ ನೀಲಿ ಚುಕ್ಕೆ ನೋಡಿದರು. "ಹಿಂದೆ ಯಾವಾಗ್ಲಾದ್ರೂ ಇಲ್ಲಿ ಕರೆಂಟ್ ಕೊಟ್ಟಿದ್ರಾ?" ಎಂದರು. ಮನೆಯವರ ಬಾಯಲ್ಲೂ ಅದು ಕರೆಂಟೇ. ಆಸ್ಪತ್ರೆಯವರು ಮಾತ್ರ ರೇಡಿಯೇಷನ್ ಅನ್ನುತ್ತಿದ್ದರು. "ಕೊಟ್ಟಿದ್ರು. ಕತ್ತಲ್ಲಿ ಗಂಟಾಗಿತ್ತು. ಅದೆಲ್ಲ ಯಾವ ಕಾಲದ್ದೋ, ವಾಸಿಯಾಗಿ ಹೋಯ್ತು," ಎಂದು ಮಾಸ್ತರು ಹೆಮ್ಮೆಯಿಂದಲೇ ಹೇಳಿದ್ದರು. ಡಾಕ್ಟರು ಮುಲಾಮು ಕೊಡಲಿಲ್ಲ. ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಫೋಟೋ ತೆಗೆದರು, ಕೊಳವೆಯಂಥ ಯಂತ್ರದೊಳಗೆ ಮಲಗಿಸಿದರು, ಕೊನೆಗೆ ದಬ್ಬಳದಂಥ ಸೂಜಿಯಲ್ಲಿ ಮೂಳೆಯಿಂದ ಒಂದು ಚೂರು ತೆಗೆದುಕೊಂಡರು. ಅಂಗಡಿಯಲ್ಲಿ ಕತ್ತರಿ ತಾಗಿತು ಎಂದು ಮನೆಯಲ್ಲಿ ಸುಳ್ಳು ಹೇಳಿ ಮಾಸ್ತರು ಗಾಯಕ್ಕೆ ಹಾಕಿದ್ದ ಪಟ್ಟಿಯನ್ನು ಅಂಗಿಯಿಂದ ಮುಚ್ಚಿಕೊಂಡರು. ಇವತ್ತು ಆ ಚೂರಿನ ಫಲಿತಾಂಶ. ಇಷ್ಟೆಲ್ಲ ಆದ ಮೇಲೂ ಕೋಟು ಹಾಕಿಕೊಂಡೇ ಹೊರಟದ್ದು ಯಾಕೆಂದರೆ, ಡಾಕ್ಟರಿಗೆ ತಪ್ಪು ಹೊಲಿಗೆಯನ್ನು ಕಣ್ಣಾರೆ ತೋರಿಸಬೇಕಿತ್ತು.

ಕಾಯುವ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಒಬ್ಬರು ಎದ್ದರೆ ಸಾಲಿಗೆ ಸಾಲೇ ಅಲುಗುತ್ತಿತ್ತು. ಮಾಸ್ತರು ಕಾಯಿಲೆಯವರ ಮುಖ ನೋಡಬಾರದೆಂದು ಬಟ್ಟೆ ನೋಡುತ್ತ ಕುಳಿತರು. ಎದುರಿನವನ ಪ್ಯಾಂಟಿನ ಮಡಿಕೆ ಒಂದು ಕಾಲಿಗೆ ಮೇಲೆ, ಒಂದಕ್ಕೆ ಕೆಳಗೆ. ಮೂಲೆಯಲ್ಲಿದ್ದ ಹೆಂಗಸಿನ ರವಿಕೆಯ ತೋಳು ಸಡಿಲವಾಗಿತ್ತು. ಹೊಲಿದವನಿಗೆ ಬುದ್ಧಿ ಇಲ್ಲ ಎಂದುಕೊಂಡು ಇನ್ನೊಮ್ಮೆ ನೋಡಿದಾಗ, ಬಟ್ಟೆ ಸರಿಯಾಗೇ ಇತ್ತು. ಒಳಗಿನ ತೋಳೇ ಕರಗಿಹೋಗಿತ್ತು. ಮಾಸ್ತರು ಕಣ್ಣನ್ನು ಸರಕ್ಕನೆ ಚಾವಣಿಗೆ ಕಳಿಸಿದರು. ಫ್ಯಾನು ತಿರುಗುತ್ತಿತ್ತು. ಫ್ಯಾನಿನಲ್ಲಿ ತಪ್ಪು ಹುಡುಕಲು ಅವರಿಗೆ ಗೊತ್ತಿರಲಿಲ್ಲ. ಪಕ್ಕದ ಮುದುಕಿಯೊಬ್ಬಳು ತಾನಾಗಿಯೇ, "ಕೋಟು ಚೆನ್ನಾಗಿದೆ ಕಣಪ್ಪ, ಡಾಕ್ಟ್ರಾ ನೀನು?" ಎಂದಳು. "ಅಲ್ಲ." "ಮತ್ತೆ ಕಾಯಿಲೇನಾ?" ಈ ಎರಡರಲ್ಲಿ ಒಂದಾಗಿರಲೇಬೇಕು ಎನ್ನುವಂತಿತ್ತು ಅವಳ ಮುಖ. ಮಾಸ್ತರು ಯೋಚಿಸಿ, "ಇನ್ನೂ ಹೇಳಿಲ್ಲ," ಎಂದರು.

ನರ್ಸು ಕರೆದು ಒಳಗೆ ಕೂಡಿಸಿ, "ಮೇಲಿನ ಬಟ್ಟೆ ಎಲ್ಲ ತೆಗೆದು ಇದನ್ನ ಹಾಕ್ಕೊಳಿ," ಎಂದು ಒಂದು ನೀಲಿ ನಿಲುವಂಗಿ ಕೊಟ್ಟಳು. ಕೋಟನ್ನು ಮಾಸ್ತರ ಕೈಯಿಂದ ತೆಗೆದುಕೊಂಡು, ಒಳಗು ಹೊರಗು ನೋಡದೆ, ಸ್ಟೂಲಿನ ಮೇಲೆ ಹಳೇ ಚೀಲದಂತೆ ಬಿಸಾಕಿದಳು. ಅವರ ಜೀವ ಚುರ್ ಎಂದಿತು. ಪರದೆಯ ಹಿಂದೆ ಆ ನಿಲುವಂಗಿಯನ್ನು ಹಿಡಿದು ನೋಡಿದರು: ಭುಜಕ್ಕೆ ಹೊಲಿಗೆಯೇ ಇಲ್ಲ, ಕತ್ತು ಇಷ್ಟಗಲ ಬಾಯಿ ಬಿಟ್ಟಿದೆ, ಗುಂಡಿ ಇರಬೇಕಾದ ಕಡೆ ಲಾಡಿ. ಇದನ್ನು ಕತ್ತರಿಸಿದವನನ್ನು ಸಿಕ್ಕರೆ ಅದೇ ಲಾಡಿಯಿಂದ ಕಟ್ಟಿಹಾಕಬೇಕು. ಹಾಗೆ ಬೈದುಕೊಳ್ಳುತ್ತಲೇ ಹಾಕಿಕೊಂಡು, ಲಾಡಿಯನ್ನು ಹೊಟ್ಟೆಯ ಮೇಲೆ ನೀಟಾಗಿ ಗಂಟು ಹಾಕಿ, ಎದೆ ಸೆಟೆಸಿ ಹೊರಗೆ ಬಂದರು. ನರ್ಸು ನೋಡಿದಳು. "ಹಿಂದೆಮುಂದೆ ಹಾಕ್ಕೊಂಡಿದೀರಾ ಅಜ್ಜ. ಲಾಡಿ ಬೆನ್ನಿಗೆ ಬರ್ಬೇಕು." ಅಜ್ಜ! ಊರಿನ ಅರ್ಧ ಜನಕ್ಕೆ ಬಟ್ಟೆ ಹೊಲಿದವರು ಮತ್ತೆ ಪರದೆಯ ಹಿಂದೆ ಹೋದರು. ಬೆನ್ನಿನ ಲಾಡಿಗೆ ಎಡಗೈ ತಲುಪಲಿಲ್ಲ. ಕೊನೆಗೆ ಅವಳೇ ಬಂದು, ಶಾಲೆಗೆ ಹೊರಟ ಮಗುವಿಗೆ ಕಟ್ಟುವ ಹಾಗೆ, ಕಟ್ಟಿದಳು.

ಪರೀಕ್ಷೆಯ ಮೇಜಿನ ಮೇಲೆ ಮಲಗಿದಾಗ ಬೆನ್ನಿಗೆ ತಣ್ಣಗಾಯಿತು, ಆ ತಣ್ಣಗಿನದರ ಜೊತೆ ಕರೆಂಟ್ ಕೊಟ್ಟ ಆ ಹಳೆಯ ಕೋಣೆಯೂ ನೆನಪಿಗೆ ಬಂತು. ಅಲ್ಲಿನ ಮೇಜೂ ಹೀಗೇ. ಮದುವೆಯಾಗಿ ಹೊಸತು ಆಗ. ಇಬ್ಬರು ಹುಡುಗರು ಇವರನ್ನು ಮೇಜಿನ ಮೇಲೆ ಬಟ್ಟೆ ಹಾಸುವ ಹಾಗೆ ಅತ್ತ ಎಳೆದು, ಇತ್ತ ಎಳೆದು, ಎದೆಯ ಮೇಲೆ ಬಿದ್ದ ಕೆಂಪು ಬೆಳಕಿನ ಗೆರೆಗೆ ಎದೆಯ ಚುಕ್ಕೆಗಳನ್ನು ಕೂಡಿಸುತ್ತಿದ್ದರು. "ಅಲ್ಲಾಡ್ಬೇಡಿ, ಹಾಗೇ ಇರಿ," ಎನ್ನುತ್ತಿದ್ದರು, ಆಮೇಲೆ ಓಡುತ್ತಿದ್ದರು. ಅದೊಂದು ಮಾತ್ರ ಮಾಸ್ತರಿಗೆ ಹಿಡಿಸುತ್ತಿರಲಿಲ್ಲ. ನಾವು ಬಟ್ಟೆ ಕತ್ತರಿಸುವಾಗ ಬಟ್ಟೆಯ ಪಕ್ಕದಲ್ಲೇ ಇರುತ್ತೇವೆ, ಇವರು ದಪ್ಪ ಬಾಗಿಲು ಹಾಕಿಕೊಂಡು ಓಡಿಹೋಗುವುದೇಕೆ ಎಂದು ಭಾವಮೈದುನನನ್ನು ಕೇಳಿದ್ದರು. ಆಗ ಅವನು ಅಂಗಡಿ ಸೇರಿರಲಿಲ್ಲ. ಭಾವನ ಜೊತೆಗೆ ಬಂದು ಹೊರಗಿನ ಬೆಂಚಿನಲ್ಲಿ ಕಾದು ಕೂರುವುದೇ ಅವನ ಕೆಲಸವಾಗಿತ್ತು. ಕಾಯುವಾಗ ಸುಮ್ಮನಿರಲಾರದೆ, ಇವರ ಅಂಗಿಗಳ ಸಡಿಲವಾದ ಗುಂಡಿಗಳನ್ನು ಮತ್ತೆ ಹೊಲಿಯುತ್ತಿದ್ದ. ಹಾಗೆ ಕಲಿತದ್ದು ಅವನು ಸೂಜಿ ಹಿಡಿಯುವುದನ್ನು. 'ಗುಂಡಿ ಹಚ್ಚೋಕೆ ಬಂದೋನು' ಎಂದು ಹೋದ ವಾರ ಕೂಗಿದ್ದು ನೆನಪಾಗಿ, ಮೇಜಿನ ಮೇಲೆ ಮಲಗಿದ್ದ ಮಾಸ್ತರಿಗೆ ಮುಖ ಮುಚ್ಚಿಕೊಳ್ಳಬೇಕೆನಿಸಿತು. ಎಡಗೈ ಮೇಲೇಳಲಿಲ್ಲ. ಬಲಗೈಯನ್ನು ನರ್ಸು ಹಿಡಿದಿದ್ದಳು.

ಮೂಳೆ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅವಳ ಬಿಳಿ ಕೋಟಿನ ತೋಳು ಬೆರಳಿನ ತನಕ ಇಳಿದಿತ್ತು. ಮಾತಾಡುವಾಗೆಲ್ಲ ಅದನ್ನು ಮೇಲೆಳೆದುಕೊಳ್ಳುತ್ತಿದ್ದಳು. ಮಾಸ್ತರು ತಮ್ಮ ಬಟ್ಟೆ ಹಾಕಿಕೊಂಡು ಬಂದು ಎದುರು ಕುಳಿತಾಗ, ಅವಳು ಅವರ ಹಿಂದಿನ ಖಾಲಿ ಜಾಗ ನೋಡಿದಳು.

"ನಿಮ್ಮ ಜೊತೆ ಯಾರೂ ಬಂದಿಲ್ವಾ?"

"ಲೈನಿಂಗ್ ತರೋಕೆ ಬಂದಿದ್ದು," ಎಂದುಬಿಟ್ಟರು ಮಾಸ್ತರು.

ಅವಳು ಅರ್ಥವಾಗದೆ ತಲೆಯಾಡಿಸಿ, ತೋಳು ಮೇಲೆಳೆದುಕೊಂಡು, ನಿಧಾನವಾಗಿ ಹೇಳಿದಳು. ಮೂಳೆಯಲ್ಲಿ ಗಡ್ಡೆ ಇದೆ. ಕ್ಯಾನ್ಸರ್. ಆ ಪದ ಬಂದ ಕೂಡಲೇ ಮಾಸ್ತರಿಗೆ ಅವಳ ಕೋಟಿನ ತೋಳನ್ನು ಎಷ್ಟು ಮಡಿಸಿದರೆ ಸರಿಹೋಗುತ್ತದೆ ಎಂಬುದು ಬಿಟ್ಟರೆ ಬೇರೇನೂ ತಲೆಗೆ ಬರಲಿಲ್ಲ.

"ಹಳೇದು ವಾಪಸ್ ಬಂತಾ?"

"ಇಲ್ಲ. ಹಳೇದು ಪೂರ್ತಿ ವಾಸಿಯಾಗಿದೆ."

"ಥ್ಯಾಂಕ್ಸ್," ಎಂದರು ಮಾಸ್ತರು.

"ಇದು ಬೇರೆ. ಹೊಸದು. ಆವಾಗ ರೇಡಿಯೇಷನ್ ಬಿದ್ದ ಜಾಗದ ಮೂಳೆಯಲ್ಲಿ, ಎಷ್ಟೋ ವರ್ಷ ಆದ್ಮೇಲೆ, ಕೆಲವರಿಗೆ ಹೀಗಾಗತ್ತೆ. ತುಂಬ ಅಪರೂಪ."

"ಹಾಗಾದ್ರೆ ಕರೆಂಟ್ ಕೊಟ್ಟೋರು ತಪ್ಪು ಮಾಡಿದ್ರು."

"ಇಲ್ಲ. ಅವರು ಸರಿಯಾಗೇ ಕೊಟ್ಟಿದಾರೆ. ಕೊಡದೆ ಇದ್ದಿದ್ರೆ ಇಷ್ಟು ವರ್ಷ ನೀವು ಇರ್ತಾನೇ ಇರ್ಲಿಲ್ಲ."

"ಮತ್ತೆ ಯಾರ ತಪ್ಪು?"

"ಯಾರದ್ದೂ ಅಲ್ಲ."

ಮಾಸ್ತರಿಗೆ ಇದು ಕಾಯಿಲೆಗಿಂತ ದೊಡ್ಡ ಅವಮಾನವೆನಿಸಿತು. ಜೀವಮಾನವಿಡೀ ಸೊಟ್ಟಗಾದ ಬಟ್ಟೆಗಳ ನಡುವೆ ಬದುಕಿದವರು. ಯಾರದ್ದೂ ಅಲ್ಲದ ಸೊಟ್ಟವನ್ನು ಒಂದು ದಿನವೂ ಕಂಡಿರಲಿಲ್ಲ. ನೇಯ್ದವನದ್ದು, ಬಣ್ಣ ಹಾಕಿದವನದ್ದು, ಹೊಲಿದವನದ್ದು, ಇಸ್ತ್ರಿ ಮಾಡಿದವನದ್ದು, ಹಾಕಿಕೊಂಡವನದ್ದು, ಯಾರದ್ದಾದರೂ ಒಂದು ಇರಲೇಬೇಕು. ಕೊನೆಯ ಪ್ರಯತ್ನವೆಂದು ಎದ್ದುನಿಂತು, ಬೆನ್ನು ತಿರುಗಿಸಿ, ಎಡಭುಜ ತೋರಿಸಿದರು. "ನೋಡಿ ಡಾಕ್ಟ್ರೇ, ಇಲ್ಲಿ ಹೊಲಿಗೆ ಎಳೆದಿದೆ. ಇದು ಒತ್ತಿ ಒತ್ತಿ ಏನಾದ್ರೂ…" ಅವಳು ನಗಲಿಲ್ಲ, ಅದೇ ಕಷ್ಟವಾದದ್ದು. ಎದ್ದುಬಂದು ಭುಜ ಮುಟ್ಟಿ ನೋಡಿದಳು. "ಕೋಟು ಒತ್ತಿದ್ರೆ ಮೂಳೆ ಬೆಳೆಯಲ್ಲ. ಮೂಳೆ ಬೆಳೆದಿದೆ, ಅದಕ್ಕೇ ಕೋಟು ಎದ್ದಿದೆ," ಎಂದಳು. ಆಮೇಲೆ, ಸಮಾಧಾನಕ್ಕೇ ಇರಬೇಕು, "ಹೊಲಿಗೆ ಬಹಳ ಚೆನ್ನಾಗಿದೆ. ಯಾರು ಹೊಲ್ದಿದ್ದು?" ಎಂದು ಕೇಳಿದಳು. ಮಾಸ್ತರ ಬಾಯಿ, ಅವರನ್ನು ಕೇಳದೆಯೇ, "ನಾನೇ," ಎಂದಿತು.

ಮುಂದಿನದನ್ನು ಅವರು ಅರ್ಧ ಕೇಳಿಸಿಕೊಂಡರು. ಬೇರೆಲ್ಲೂ ಹರಡಿದಂತಿಲ್ಲ, ಅದು ಒಳ್ಳೆಯ ಸುದ್ದಿ. ಮೊದಲು ಔಷಧಿ, ಆಮೇಲೆ ಆಪರೇಷನ್. ಆ ಮೂಳೆಯನ್ನು ಸುತ್ತಲಿನ ಒಂದಿಷ್ಟು ಒಳ್ಳೆಯ ಭಾಗದ ಸಮೇತ ತೆಗೆಯಬೇಕು. ಕೈ ಉಳಿಯುತ್ತದೆ ಅಂದುಕೊಂಡಿದ್ದೇವೆ. ಭುಜ ಸ್ವಲ್ಪ ಇಳಿಯುತ್ತದೆ. "ಎಷ್ಟು ಬೆರಳು ಇಳಿಯತ್ತೆ?" ಎಂದು ಮಾಸ್ತರು ಕೇಳಿದರು. ಇದನ್ನು ಇದುವರೆಗೆ ಯಾರೂ ಕೇಳಿಲ್ಲ ಎಂದಳು ಅವಳು. ಬದುಕ್ತೀನಾ ಎಂದು ಕೇಳಲು ಅವರು ಎರಡು ಸಲ ಬಾಯಿ ತೆರೆದರು, ಎರಡು ಸಲವೂ ಬೇರೇನೋ ಕೇಳಿದರು. ಅವಳೇ ಹೇಳಿದಳು: "ಬೇಗ ಶುರು ಮಾಡಿದ್ರೆ ಆಸೆ ಇಟ್ಕೋಬಹುದು. ಭಾಷೆ ಕೊಡಕ್ಕಾಗಲ್ಲ. ನಾಳೆ ಬನ್ನಿ. ಒಬ್ರೇ ಬರ್ಬೇಡಿ, ಮನೆಯೋರನ್ನ ಕರ್ಕೊಂಡು ಬನ್ನಿ. ಇದು ಒಬ್ರೇ ಹೊತ್ಕೊಂಡು ಓಡಾಡೋ ಕಾಯಿಲೆ ಅಲ್ಲ."

ಬೀದಿಯಲ್ಲಿ ಬಿಸಿಲು ಎಂದಿನಂತೆಯೇ ಇತ್ತು, ಜನ ಎಂದಿನಂತೆಯೇ ಗುದ್ದಿಕೊಂಡು ಹೋಗುತ್ತಿದ್ದರು. ಒಬ್ಬನ ಮೊಣಕೈ ಎಡಭುಜಕ್ಕೆ ತಾಗಿದಾಗ ಮಾಸ್ತರು ಹಲ್ಲು ಕಚ್ಚಿ, "ಪರವಾಗಿಲ್ಲ," ಎಂದರು. ಭಾವಮೈದುನನ ಹತ್ತಿರ ಏನು ಹೇಳಬೇಕೆಂದು ಬಾಯಲ್ಲೇ ಹೊಲಿದು ನೋಡತೊಡಗಿದರು. 'ತಪ್ಪು ನಂದು ಕಣೋ.' ಅವನು ಕೇಳುತ್ತಾನೆ, ಹೇಗೆ ಭಾವ? ಪ್ಯಾಟರ್ನ್ ತಪ್ಪಾ? ಅಲ್ಲ. ಕಟಿಂಗ್ ತಪ್ಪಾ? ಅಲ್ಲ. ಮತ್ತೆ? ಅಲ್ಲಿಗೆ ದಾರ ಮುಗಿಯುತ್ತಿತ್ತು. ಎಲ್ಲಿಂದ ಹೊರಟರೂ ಮಾತು ಬಂದು ನಿಲ್ಲುತ್ತಿದ್ದದ್ದು ಆ ಮೂಳೆಯ ಹತ್ತಿರವೇ. ಅವನಿಗೆ ಕ್ಷಮೆ ಕೇಳಬೇಕಾದರೆ ಕಾಯಿಲೆ ಹೇಳಲೇಬೇಕು; ಕಾಯಿಲೆ ಮುಚ್ಚಿಡಬೇಕಾದರೆ ಅವನೇ ತಪ್ಪಿತಸ್ಥನಾಗಿ ಉಳಿಯಬೇಕು. ಅವನ ಹೊಲಿಗೆ ಕೆಟ್ಟದ್ದಾಗಿರುವ ತನಕ ನಾನು ಗಟ್ಟಿಮುಟ್ಟಾಗಿದ್ದೆನಲ್ಲ ಎಂಬುದು ಮಾಸ್ತರಿಗೆ ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಹೊಳೆಯಿತು. ಸುಳ್ಳನ್ನು ನಿಜ ಮಾಡಲು ಲೈನಿಂಗ್ ಕೊಳ್ಳಲೇಬೇಕಿತ್ತು. ಅಂಗಡಿಯವನು "ಯಾವ ಬಣ್ಣ ಮಾಸ್ತರೇ?" ಎಂದರೆ ಅವರಿಗೆ ಒಂದು ಬಣ್ಣದ ಹೆಸರೂ ನೆನಪಾಗಲಿಲ್ಲ. "ನೀನೇ ಯಾವ್ದಾದ್ರೂ ಕೊಡಪ್ಪ," ಎಂದರು. ಅವನು ಇವರನ್ನು ವಿಚಿತ್ರವಾಗಿ ನೋಡಿ, ಅಂಗಡಿಯಲ್ಲಿ ಯಾರೂ ಕೇಳದೆ ಬಿದ್ದಿದ್ದ ಗುಲಾಬಿ ಬಣ್ಣದ್ದನ್ನು ಕತ್ತರಿಸಿ ಕಟ್ಟಿಕೊಟ್ಟ.

ಮನೆಯ ಬಾಗಿಲಲ್ಲಿ ಭಾವಮೈದುನನ ಚಪ್ಪಲಿ ಇತ್ತು. ಹೆಂಡತಿ ಗಂಡನನ್ನು ನಂಬಿ ಕೂರುವವಳಲ್ಲ, ತಾನೇ ತಮ್ಮನಿಗೆ ಹೇಳಿಕಳಿಸಿ ಕರೆಸಿಕೊಂಡಿದ್ದಳು. ಅವನು ಕುರ್ಚಿಯ ಅಂಚಿನಲ್ಲಿ, ಕೈಗಳನ್ನು ತೊಡೆಯ ಮಧ್ಯೆ ಸಿಕ್ಕಿಸಿಕೊಂಡು ಕುಳಿತಿದ್ದ. ಬಾಯಲ್ಲಿ ಸೂಜಿ ಇಲ್ಲದೆ ಅವನ ಮುಖ ಬರಿದಾಗಿ ಕಂಡಿತು. ಮಾಸ್ತರನ್ನು ಕಂಡು ಎದ್ದುನಿಂತ. ಅಕ್ಕ ಅಡುಗೆಮನೆ ಬಾಗಿಲಿಂದ ಅವನಿಗೆ ಗದ್ದ ಎತ್ತಿ ಸನ್ನೆ ಮಾಡಿದಳು.

"ಭಾವ," ಎಂದ. ಅಕ್ಕನನ್ನು ನೋಡಿದ. "ಭಾವ, ತಪ್ಪು ನಂದೇ." ಮತ್ತೆ ಅಕ್ಕನನ್ನು ನೋಡಿದ. "ತೋಳು ಕೂರ್ಸೋವಾಗ ಬಟ್ಟೆ ಎಳ್ದುಬಿಟ್ಟೆ. ನಂಗೆ ಆವಾಗ್ಲೇ ಗೊತ್ತಾಯ್ತು. ಹೇಳಕ್ಕೆ ಧೈರ್ಯ ಬರ್ಲಿಲ್ಲ. ಕೊಡಿ, ಬಿಚ್ಚಿ ಸರಿ ಮಾಡ್ತೀನಿ."

ಬಾಯಿಪಾಠ ಮಾಡಿಸಿ ನಿಲ್ಲಿಸಿದ್ದಾಳೆ ಎಂಬುದು ಕಣ್ಣಿಗೆ ಕಟ್ಟುತ್ತಿತ್ತು. ಅವನು ಎಳೆದಿರಲಿಲ್ಲ, ಅವನ ಕೈಗೆ ಎಳೆಯುವುದು ಗೊತ್ತೇ ಇರಲಿಲ್ಲ. ಮಾಸ್ತರಿಗೆ ಇದು ಮೊದಲಿಂದಲೂ ತಿಳಿದಿತ್ತೇ? ತಿಳಿದಿತ್ತು. ಇಷ್ಟು ವಾರ ಅವರು ಯಾವ ಮಾತಿಗಾಗಿ ಕೂಗಾಡಿದ್ದರೋ ಆ ಮಾತು ಈಗ ತಟ್ಟೆಯಲ್ಲಿಟ್ಟು ಬಂದಿತ್ತು, ಕೈಚಾಚಿ ತೆಗೆದುಕೊಂಡರೆ ಸಾಕು. 'ಹ್ಞೂಂ, ಇನ್ನು ಮುಂದೆ ನೋಡ್ಕೊಂಡು ಹೊಲಿ' ಎಂದು ಒಂದು ಗೊಣಗು ಗೊಣಗಿಬಿಟ್ಟರೆ ಭುಜ ಮತ್ತೆ ಕೋಟಿನದಾಗುತ್ತದೆ, ಹೆಂಡತಿ ಕಾಫಿ ತರುತ್ತಾಳೆ, ನಾಳೆ ವಕೀಲರ ಇನ್ನೊಂದು ತೋಳು ಕೂರುತ್ತದೆ. ಆಸ್ಪತ್ರೆಗೆ ನಾಡಿದ್ದು ಹೋದರಾಯಿತು, ಆಚೆ ವಾರ ಹೋದರಾಯಿತು. ಎಂಥ ಸುಖ! ಆದರೆ ಎದುರಿಗೆ ನಿಂತವನು ಕೈ ಚಾಚಿಯೇ ಇದ್ದ, ಮಾಡದ ತಪ್ಪನ್ನು ಬಿಚ್ಚಿ ಹೊಲಿದುಕೊಡಲು. ಆಸ್ಪತ್ರೆಯ ಬೆಂಚಿನಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದವನ ಮುಖವೇ, ಕೂದಲು ನರೆತಿದೆ ಅಷ್ಟೆ. ಇವನಿಗೆ ಇನ್ನೊಂದು ಸುಳ್ಳು ಹೇಳಲು ನನಗೆ ಮುಖವಿಲ್ಲ ಎಂದುಕೊಂಡರು ಮಾಸ್ತರು.

"ಹೊಲಿಗೆ ಸರಿಯಾಗಿದೆ ಕಣೋ," ಎಂದರು.

ಭಾವಮೈದುನ ಕೇಳಿಸದವನಂತೆ ನಿಂತ.

"ಚೆನ್ನಾಗಿ ಹೊಲ್ದಿದೀಯ. ನಂಗೂ ಹೀಗೆ ಬರಲ್ಲ."

ಅಡುಗೆಮನೆಯ ಬಾಗಿಲಲ್ಲಿ ಲೋಟ ಬಿದ್ದ ಸದ್ದಾಯಿತು. ಹೆಂಡತಿ ಬಿದ್ದ ಲೋಟ ನೋಡಲಿಲ್ಲ. ಮದುವೆಯಾಗಿ ಬಂದ ಮೇಲೆ ಈ ಮನುಷ್ಯ ತನ್ನ ತಮ್ಮನ ಒಂದು ಕಾಜವನ್ನಾದರೂ ಹೊಗಳಿದ್ದನ್ನು ಅವಳು ಕೇಳಿರಲಿಲ್ಲ. ಅವಳ ಮುಖದ ಸಿಟ್ಟೆಲ್ಲ ಒಂದು ಕ್ಷಣದಲ್ಲಿ ಇಳಿದುಹೋಗಿ, ಅದರ ಕೆಳಗಿದ್ದ ಹೆದರಿಕೆ ಮೇಲೆ ಬಂತು.

"ರೀ," ಎಂದಳು. "ಏನಾಗಿದೆ ನಿಮಗೆ? ಎಲ್ಲಿಗೆ ಹೋಗಿದ್ರಿ?"

ಮಾಸ್ತರು ಹೇಳಿದರು. ಚೆನ್ನಾಗಿ ಹೇಳಬೇಕೆಂದುಕೊಂಡಿದ್ದರು, ಎಲ್ಲ ಉಲ್ಟಾಪಲ್ಟಾ ಆಯಿತು. ಮೊದಲು ಲಾಡಿಯ ನಿಲುವಂಗಿ ಬಂತು, ಆಮೇಲೆ ಡಾಕ್ಟರಮ್ಮನ ಉದ್ದ ತೋಳು, ಆಮೇಲೆ ಕರೆಂಟು, ಹಳೆಯದು ವಾಸಿಯಾಗಿದೆಯೆಂಬ ಒಳ್ಳೆಯ ಸುದ್ದಿ, ಕೊನೆಗೆ ಆ ಮೂಳೆ. "ತಪ್ಪು ಯಾರದ್ದೂ ಅಲ್ವಂತೆ," ಎಂದು ಮುಗಿಸಿದರು. ಹೆಂಡತಿ ಬಂದು ಅವರ ಬಲಗೈಯ ತೋಳಿನ ಅಂಚನ್ನು ಹಿಡಿದುಕೊಂಡಳು, ಬೇರೆಲ್ಲಿ ಹಿಡಿದರೆ ನೋಯುತ್ತದೋ ಎಂಬ ಅನುಮಾನದಲ್ಲಿ. "ಇಷ್ಟು ದಿನ ಒಬ್ರೇ…" ಎಂದಳು. "ನಿಮ್ಮ ಬಾಯಿಗೆ ಬೆಂಕಿ ಹಾಕ, ಕೂಗಾಡೋದೊಂದು ಬಿಟ್ಟು ಇನ್ನೆಲ್ಲ ಮುಚ್ಚಿಟ್ರಲ್ರೀ," ಎಂದು ಅಳತೊಡಗಿದಳು.

ಭಾವಮೈದುನ ಅಳಲಿಲ್ಲ. ಅವನು ತಲೆಯನ್ನು ಅಡ್ಡಡ್ಡ ಆಡಿಸುತ್ತಿದ್ದ. "ಇಲ್ಲ ಭಾವ. ಇಲ್ಲ. ನಾನೇ ಎಳ್ದಿರೋದು," ಎಂದ. ಈ ಸಲ ಅಕ್ಕನ ಕಡೆ ನೋಡಲಿಲ್ಲ. ಜೇಬಿನಿಂದ ಹೊಲಿಗೆ ಬಿಚ್ಚುವ ಸಣ್ಣ ಅಲಗನ್ನು ತೆಗೆದು, ಮಾಸ್ತರ ಹಿಂದೆ ಬಂದು, ಎಡಭುಜಕ್ಕೆ ಕೈ ಹಚ್ಚಿದ. ಅವನ ಬೆರಳು ಬಟ್ಟೆಯ ಮೇಲಿಂದ ಆ ಗಟ್ಟಿ ಉಬ್ಬನ್ನು ಮುಟ್ಟಿತು, ಅಲ್ಲೇ ನಿಂತಿತು, ಮತ್ತೆ ಹೊಲಿಗೆಗೆ ಹೋಯಿತು. "ಎಲ್ಲೋ ಎಳ್ದಿದೀನಿ ಭಾವ. ನೋಡ್ತೀನಿ ಇರಿ. ಇಲ್ಲೇ ಎಲ್ಲೋ ಇರ್ಬೇಕು. ಇರ್ಲೇಬೇಕು." ದಾರ ಪಟಪಟ ಕಡಿಯುವ ಸದ್ದು ಕಿವಿಯ ಹತ್ತಿರವೇ ಕೇಳುತ್ತಿತ್ತು, ಅದರ ಹಿಂದೆ ಅವನ ಉಸಿರು. ಅಷ್ಟು ಒಳ್ಳೆಯ ಹೊಲಿಗೆ, ಬಿಚ್ಚಲು ಕಷ್ಟಪಡುತ್ತಿದ್ದ.

ಮಾಸ್ತರು ಅಲ್ಲಾಡದೆ ನಿಂತರು. ಹೆಂಡತಿ ಹಿಡಿದ ತೋಳನ್ನು ಬಿಡಿಸಿಕೊಳ್ಳಲಿಲ್ಲ.

"ಹುಡುಕು," ಎಂದರು. "ಲೈನಿಂಗ್ ಮಾತ್ರ ಹರೀಬೇಡ."